ಫ್ರೀಲಾನ್ಸ್ ಕಾಂಟ್ರಾಕ್ಟ್ ಬೇಡವೆನ್ನುವುದು ಹೇಗೆ: ಆಫರ್ ಬಂದ ದಿನದಿಂದ ಫೈಲು ಮುಚ್ಚುವವರೆಗೆ

ಕೆಲಸ ಕೊಡಲು ಬಂದವರಿಗೆ ಮರುದಿನವೇ ‘ಆಗಲ್ಲ’ ಎಂದು ತಿಳಿಸಿದರೆ ಅವರು ಆ ವಾರದಲ್ಲೇ ಬೇರೊಬ್ಬರನ್ನು ಹುಡುಕಿಕೊಳ್ಳುತ್ತಾರೆ. ‘ನೋಡೋಣ ಸರ್, ಹೇಳ್ತೀನಿ’ ಎಂದು ಹತ್ತು ದಿನ ಸುಮ್ಮನಿದ್ದರೆ ಅವರ ವೇಳಾಪಟ್ಟಿ ಹಾಳಾಗುತ್ತದೆ, ಜೊತೆಗೆ ನಿಮ್ಮ ಹೆಸರೂ. ಅನುವಾದ, ವಿನ್ಯಾಸ, ಸಬ್‌ಟೈಟಲ್, ಸಾಫ್ಟ್‌ವೇರ್, ಲೆಕ್ಕಪತ್ರ, ಹೀಗೆ ಸ್ವತಂತ್ರವಾಗಿ ಕೆಲಸ ಮಾಡುವ ಯಾರಿಗೇ ಆಗಲಿ ಬೇಕಾಗಿರುವುದು ಬೇಗ, ಬರಹದಲ್ಲಿ, ಒಂದೇ ಅರ್ಥ ಬರುವಂತೆ ಹೇಳುವ ಅಭ್ಯಾಸ. ಅದಕ್ಕೆ ಹಿಂದೆ ಒಂದಿಷ್ಟು ಲೆಕ್ಕ, ಒಂದಿಷ್ಟು ಕಾನೂನು ಗೊತ್ತಿರಬೇಕು. ಇಲ್ಲಿ ಉದಾಹರಣೆಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಪುಸ್ತಕ ಅನುವಾದದ ಆಫರನ್ನು ತೆಗೆದುಕೊಂಡಿದ್ದೇವೆ. ಬೇರೆ ವೃತ್ತಿಯವರು ಪದದ ಜಾಗದಲ್ಲಿ ಗಂಟೆ, ಪುಟ ಅಥವಾ ಸ್ಕ್ರೀನ್ ಎಂದು ಹಾಕಿಕೊಂಡರೆ ಲೆಕ್ಕ ಹಾಗೇ ನಡೆಯುತ್ತದೆ.

ಮೊದಲು, ನೀವು ಯಾವ ಹಂತದಲ್ಲಿ ನಿಂತಿದ್ದೀರಿ?

ಬೇಡವೆನ್ನಲು ಕೂರುವ ಮುಂಚೆ ಹಳೆಯ ಮೇಲ್, ವಾಟ್ಸಾಪ್ ಎಲ್ಲ ತೆಗೆದು ಮೊದಲಿಂದ ಓದಿ. ನೀವು ಈಗಾಗಲೇ ಒಪ್ಪಿಕೊಂಡಿದ್ದೀರಾ ಎಂಬುದು ಅಲ್ಲಿ ಗೊತ್ತಾಗುತ್ತದೆ. ಕರಾರು ಹುಟ್ಟಬೇಕಾದರೆ ಸ್ಟಾಂಪ್ ಪೇಪರ್, ಎರಡೂ ಕಡೆಯ ಸಹಿ ಬೇಕೇ ಬೇಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಹಾಗೇನಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಒಬ್ಬರ ಪ್ರಸ್ತಾವ, ಇನ್ನೊಬ್ಬರ ಪೂರ್ಣ ಒಪ್ಪಿಗೆ, ಅದಕ್ಕೊಂದು ಪ್ರತಿಫಲ ಇದ್ದರೆ ಸಾಮಾನ್ಯವಾಗಿ ಕರಾರು ಆದಂತೆಯೇ. ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗುವುದಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು: ಮುಖ್ಯ ಷರತ್ತುಗಳು ಇ-ಮೇಲ್‌ನಲ್ಲಿ ಒಪ್ಪಿತವಾಗಿದ್ದರೆ, ವಿಧಿವತ್ತಾದ ಕರಾರಿಗೆ ಸಹಿ ಬಿದ್ದಿಲ್ಲ ಎಂಬ ಮಾತ್ರಕ್ಕೆ ಕರಾರೇ ಇಲ್ಲ ಎನ್ನಲಾಗದು. ಹಾಗಾಗಿ ದರ, ಕೆಲಸ, ಗಡುವು ಮೂರೂ ಇರುವ ವಾಟ್ಸಾಪ್ ಮೆಸೇಜಿನ ಕೆಳಗೆ ನೀವು ಹಾಕಿದ ‘ಓಕೆ ಸರ್, ಶುರು ಮಾಡ್ತೀನಿ’ ಹಗುರವಾದ ಮಾತಲ್ಲ.

ಬರೀ ವಿಚಾರಣೆ ಬಂದಿದ್ದರೆ, ಅಂದರೆ ‘ಬಿಡುವಿದ್ದೀರಾ, ದರ ಎಷ್ಟು’ ಎಂದಷ್ಟೇ ಕೇಳಿದ್ದರೆ, ಒಂದು ಸಾಲಿನ ಉತ್ತರ ಸಾಕು. ಆಫರ್ ಬಂದು ನೀವಿನ್ನೂ ಹೂಂ ಅಂದಿಲ್ಲವಾದರೆ ನಿಮಗೆ ಪೂರ್ಣ ಸ್ವಾತಂತ್ರ್ಯವಿದೆ, ಕಾರಣ ಕೊಡುವ ಹಂಗೂ ಇಲ್ಲ.

ಜನ ಎಡವುವುದು ಮೂರನೆಯ ಸ್ಥಿತಿಯಲ್ಲಿ. ನೀವೇ ಕೊಟೇಶನ್ ಕಳಿಸಿದ್ದೀರಿ, ಅವರು ‘ಸರಿ, ಮುಂದುವರಿಯಿರಿ’ ಅಂದಿದ್ದಾರೆ. ಕೆಲಸ, ದರ, ದಿನ ಎಲ್ಲ ಬರೆದಿರುವ ಕೊಟೇಶನ್ ಬಹುಪಾಲು ಪ್ರಸ್ತಾವವೇ ಆಗುತ್ತದೆ. ಅವರ ಒಪ್ಪಿಗೆ ಬರುವ ಮುಂಚೆ ಅದನ್ನು ಹಿಂದಕ್ಕೆ ಪಡೆಯಬಹುದು, ಬಂದ ಮೇಲೆ ಅದು ಕರಾರು. ಇನ್ನು ಮುಂದೆ ಪ್ರತಿ ಕೊಟೇಶನ್ನಿನ ಕೆಳಗೂ ಎರಡು ಸಾಲು ಸೇರಿಸಿ: ‘ಈ ದರ ಇಂದಿನಿಂದ 15 ದಿನ ಮಾತ್ರ ಅನ್ವಯ. ನಿಮ್ಮ ಒಪ್ಪಿಗೆ ಬಂದ ನಂತರ ನನ್ನ ಬಿಡುವು ನೋಡಿ ಲಿಖಿತವಾಗಿ ಖಚಿತಪಡಿಸಿದಾಗಲೇ ಕೆಲಸ ಒಪ್ಪಿಕೊಂಡಂತೆ.’ ಮೂರು ತಿಂಗಳ ಹಿಂದಿನ ದರಪಟ್ಟಿಯನ್ನು ಹಿಡಿದು ‘ಆಯ್ತು, ನಾಳೆಯಿಂದ ಮಾಡಿ’ ಎಂದು ಬರುವವರನ್ನು ಈ ಎರಡು ಸಾಲು ತಡೆಯುತ್ತದೆ.

ನಾಲ್ಕನೆಯದು, ಅಡ್ವಾನ್ಸ್ ತೆಗೆದುಕೊಂಡು ಅಥವಾ ಕೆಲಸ ಶುರು ಮಾಡಿ ಬಿಡುವುದು. ಅದರ ದಾರಿಯೇ ಬೇರೆ, ಮುಂದೆ ಬರುತ್ತದೆ.

ಮೊದಲ 24 ಗಂಟೆ

ಆಫರ್ ಬಂದ ದಿನವೇ ಸ್ವೀಕೃತಿ ಕಳಿಸಿ. ಇದರಲ್ಲಿ ಒಪ್ಪಿಗೆಯ ವಾಸನೆಯೂ ಇರಬಾರದು, ತಾರೀಖು ಇರಲೇಬೇಕು:

‘ನಮಸ್ಕಾರ. ನಿಮ್ಮ ಮೇಲ್ ತಲುಪಿದೆ. ಮಾದರಿ ಅಧ್ಯಾಯ ಓದಿ, ನನ್ನ ವೇಳಾಪಟ್ಟಿ ನೋಡಿಕೊಂಡು ಗುರುವಾರ ಸಂಜೆ 5ರೊಳಗೆ ಆಗುತ್ತದೋ ಇಲ್ಲವೋ ತಿಳಿಸುತ್ತೇನೆ.’

‘ಖುಷಿಯಾಯ್ತು, ಖಂಡಿತ ಮಾಡೋಣ’ ಎಂದು ಸೇರಿಸುವ ಚಪಲ ಬರುತ್ತದೆ. ಸೇರಿಸಬೇಡಿ. ಆ ಸಾಲು ಸಂಪಾದಕರ ಟೇಬಲ್ಲಿಗೆ ಹೋಗುವಷ್ಟರಲ್ಲಿ ‘ಒಪ್ಪಿದ್ದಾರೆ’ ಎಂದಾಗಿರುತ್ತದೆ. ಅವಧಿ ಎರಡರಿಂದ ಮೂರು ಕೆಲಸದ ದಿನ ಸಾಕು. ಒಂದು ವಾರ ಕೇಳಿದರೆ ಅವರು ಉಳಿದವರನ್ನು ಸುಮ್ಮನೆ ಕಾಯಿಸಬೇಕಾಗುತ್ತದೆ. ಆ ಮೇಲೆ ಬರುವ ‘ಇಲ್ಲ’ ಹೆಚ್ಚು ನೋಯಿಸುತ್ತದೆ.

ಲೆಕ್ಕ ಹಾಕಿ

ಬೇಡವೆನ್ನುವ ಧೈರ್ಯ ಬರುವುದು ಸಂಖ್ಯೆಯಿಂದ. ಮೊದಲು ನಿಮ್ಮ ಕನಿಷ್ಠ ದಿನದ ದರ ಎಷ್ಟೆಂದು ತಿಳಿದಿರಬೇಕು. ಮನೆ ಖರ್ಚು ತಿಂಗಳಿಗೆ 40,000 ರೂಪಾಯಿ, ಆರೋಗ್ಯ ವಿಮೆ, ಇಂಟರ್ನೆಟ್, ಕರೆಂಟು, ಲ್ಯಾಪ್‌ಟಾಪಿನ ಸವಕಳಿ, ತೆರಿಗೆಗೆ ಎತ್ತಿಡುವುದು ಸೇರಿ 8,000 ಎಂದಿಟ್ಟುಕೊಳ್ಳಿ. ಒಟ್ಟು 48,000. ತಿಂಗಳಲ್ಲಿ ದುಡ್ಡು ಬರುವ ಕೆಲಸದ ದಿನ 26 ಇರುವುದಿಲ್ಲ. ಕೊಟೇಶನ್, ಫೋನು, ಬಾಕಿ ವಸೂಲಿ, ಹಬ್ಬ, ಜ್ವರ ಎಲ್ಲ ಕಳೆದರೆ 16 ಉಳಿಯಬಹುದು. 48,000ವನ್ನು 16ರಿಂದ ಭಾಗಿಸಿದರೆ ದಿನಕ್ಕೆ 3,000. ಇದು ಸುಮ್ಮನೆ ತೆಗೆದುಕೊಂಡ ಉದಾಹರಣೆ. ನಿಮ್ಮ ಮನೆಯ ಅಂಕಿಗಳನ್ನು ನೀವೇ ಹಾಕಬೇಕು.

ಈಗ ಆಫರ್. ಇಂಗ್ಲಿಷಿನ 60,000 ಪದಗಳ ಪುಸ್ತಕ, ಪದಕ್ಕೆ 1 ರೂಪಾಯಿ. ಮೇಲುನೋಟಕ್ಕೆ 60,000 ರೂಪಾಯಿ. ಕೇಳಬೇಕಾದ ಮೊದಲ ಪ್ರಶ್ನೆ: ಎಣಿಸುವುದು ಇಂಗ್ಲಿಷ್ ಪದವನ್ನೋ ಕನ್ನಡ ಪದವನ್ನೋ? ವಿಭಕ್ತಿ, ಸಂಧಿ, ಸಮಾಸಗಳಿಂದ ಕನ್ನಡದ ಪದಗಳು ಉದ್ದವಾಗುತ್ತವೆ, ಸಂಖ್ಯೆ ಇಳಿಯುತ್ತದೆ. ಇಂಗ್ಲಿಷಿನ ಸಾವಿರ ಪದ ಕನ್ನಡದಲ್ಲಿ ಏಳುನೂರು ಎಂಟುನೂರಕ್ಕೆ ಬರುವುದು ಸಾಮಾನ್ಯ. 750 ಎಂದು ಹಿಡಿದರೆ 60,000 ಪದ 45,000 ಆಯಿತು, ನಿಮ್ಮ 60,000 ರೂಪಾಯಿಯೂ 45,000 ಆಯಿತು. ಆಫರ್ ಮೇಲಿನಲ್ಲಿ ‘ಪದಕ್ಕೆ 1 ರೂ.’ ಎಂದಷ್ಟೇ ಇರುತ್ತದೆ. ಕೇಳದಿದ್ದರೆ ಬಿಲ್ ಕಳಿಸುವ ದಿನ ಗೊತ್ತಾಗುತ್ತದೆ.

ದಿನಗಳು: ಗುಣಮಟ್ಟ ಕೆಡದಂತೆ ದಿನಕ್ಕೆ 2,000 ಇಂಗ್ಲಿಷ್ ಪದ ಎಂದರೆ 30 ದಿನ. ನೀವೇ ಮರಳಿ ಓದಿ ತಿದ್ದಲು 8 ದಿನ. ಸಂಪಾದಕರಿಂದ ಬಂದ ತಿದ್ದುಪಡಿ, ಪುಟವಿನ್ಯಾಸದ ನಂತರದ ಕರಡು ನೋಡಲು 4 ದಿನ. ಒಟ್ಟು 42. ಇಂಗ್ಲಿಷ್ ಎಣಿಕೆಯಲ್ಲಿ ದಿನಕ್ಕೆ ಸುಮಾರು 1,430 ರೂಪಾಯಿ, ಕನ್ನಡ ಎಣಿಕೆಯಲ್ಲಿ 1,070. ನಿಮ್ಮ ದರ 3,000. ಅದನ್ನು ಮುಟ್ಟಬೇಕಾದರೆ ಒಟ್ಟು 1,26,000, ಅಂದರೆ ಇಂಗ್ಲಿಷ್ ಪದಕ್ಕೆ 2 ರೂಪಾಯಿ 10 ಪೈಸೆ. ಈ ಒಂದು ಅಂಕಿ ಕೈಯಲ್ಲಿದ್ದರೆ ಫೋನಿನಲ್ಲಿ ತಡವರಿಸುವ ಪ್ರಮೇಯವೇ ಬರುವುದಿಲ್ಲ.

ಕಣ್ಣಿಗೆ ಬೀಳದ ಕೆಲಸವನ್ನೂ ಸೇರಿಸಿ. ಮೂಲವನ್ನು ಪಿಡಿಎಫ್ ಸ್ಕ್ಯಾನಿನಲ್ಲಿ ಕೊಡುತ್ತಾರಾ? ಪಾರಿಭಾಷಿಕ ಪದಗಳ ಪಟ್ಟಿ ಯಾರು ಮಾಡಬೇಕು? ಹಳೆಯ ಆವೃತ್ತಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದು ಯೂನಿಕೋಡಿಗೆ ಬದಲಿಸಬೇಕಾ? ಬದಲಿಸಿದಾಗ ಒತ್ತಕ್ಷರ, ಅರ್ಕಾವೊತ್ತು ಕೆಡುತ್ತವೆ, ಸಾಲು ಸಾಲು ಕೂತು ನೋಡಬೇಕಾಗುತ್ತದೆ. ಇವೆಲ್ಲ ಬಿಲ್ಲಿನಲ್ಲಿ ಬರುವುದಿಲ್ಲ, ದಿನಗಳಲ್ಲಿ ಬರುತ್ತವೆ.

ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲೇ ಹಿಡಿದುಕೊಳ್ಳುವ ತೆರಿಗೆಯ ಕಡಿತವನ್ನು ನಷ್ಟವೆಂದು ಎಣಿಸಿ ಆಫರ್ ಬೇಡವೆನ್ನಬೇಡಿ. ವೃತ್ತಿಪರ ಶುಲ್ಕದ ಮೇಲೆ ಸಾಮಾನ್ಯವಾಗಿ ಶೇ 10 ಹಿಡಿಯುತ್ತಾರೆ. 2025ರ ಏಪ್ರಿಲ್‌ನಿಂದ ಇದರ ಮಿತಿ, ಅಂದರೆ ಎಷ್ಟು ಮೀರಿದರೆ ಹಿಡಿಯುತ್ತಾರೋ ಆ ಮೊತ್ತ, ವರ್ಷಕ್ಕೆ 30,000ದಿಂದ 50,000 ರೂಪಾಯಿಗೆ ಏರಿದೆ. ಆ ಹಣ ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗುತ್ತದೆ. ರಿಟರ್ನ್ ಸಲ್ಲಿಸಿದಾಗ ನಿಮ್ಮ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಾಗಿದ್ದರೆ ವಾಪಸು ಬರುತ್ತದೆ. ಕೈಗೆ ಬರುವುದು ತಡ, ಅಷ್ಟೇ.

ದರ ಸರಿಯಿದ್ದರೂ ಬಿಡಬೇಕಾದ ಷರತ್ತುಗಳು

ಪಾವತಿ ಅವಧಿ ಮೊದಲನೆಯದು. ‘ಪುಸ್ತಕ ಬಿಡುಗಡೆಯಾದ ಮೇಲೆ’, ‘ನಮ್ಮ ಕ್ಲೈಂಟ್ ಕೊಟ್ಟ ಮೇಲೆ’ ಎಂದಿದ್ದರೆ ತಾರೀಖೇ ಇಲ್ಲವೆಂದು ಅರ್ಥ. ಸಣ್ಣ ಉದ್ಯಮಗಳ ನೋಂದಣಿಗೆಂದು ಸರ್ಕಾರ ನಡೆಸುವ ಉದ್ಯಮ್ ಪೋರ್ಟಲಿನಲ್ಲಿ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಂಡವರಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ರಕ್ಷಣೆಯಿದೆ: ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿಗೆ ಶುಲ್ಕವಿಲ್ಲ. ಆದರೆ ಕೆಲಸ ಒಪ್ಪುವ ಮುಂಚೆಯೇ ನೋಂದಣಿ ಆಗಿರಲಿ. 90 ದಿನ ಎಂದು ಬರೆದ ಕರಾರು ಬಂದಾಗ ಈ ಕಾಯ್ದೆಯ ಹೆಸರು ಹೇಳಿ 45ಕ್ಕೆ ಇಳಿಸಲು ಕೇಳಿ. ಅವರು ಒಪ್ಪದಿದ್ದರೆ ಬೇಡವೆನ್ನಲು ಅದೇ ಸಾಕಷ್ಟು ಕಾರಣ.

ಹಕ್ಕುಸ್ವಾಮ್ಯ ಎರಡನೆಯದು. 1957ರ ಕಾಯ್ದೆಯಲ್ಲಿ ಹಕ್ಕು ವರ್ಗಾವಣೆಯ ಅವಧಿ ಬರೆಯದಿದ್ದರೆ 5 ವರ್ಷ ಎಂದೂ ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಭಾವಿಸಲಾಗುತ್ತದೆ. ಆದ್ದರಿಂದಲೇ ಕಂಪನಿಗಳು ‘ಶಾಶ್ವತವಾಗಿ, ಜಗತ್ತಿನಾದ್ಯಂತ, ಎಲ್ಲ ಮಾಧ್ಯಮಗಳಲ್ಲಿ’ ಎಂದು ಬರೆಸಿಕೊಳ್ಳುತ್ತವೆ. ಅದನ್ನು ಕೊಡಬಾರದೆಂದಲ್ಲ, ಅದಕ್ಕೂ ಬೆಲೆ ಇದೆ.

ಇನ್ನು ‘ಈ ಕೆಲಸ ಮುಗಿದ ಮೇಲೂ ಎರಡು ವರ್ಷ ನಮ್ಮ ಪ್ರತಿಸ್ಪರ್ಧಿಗಳಿಗೆ ಕೆಲಸ ಮಾಡುವಂತಿಲ್ಲ’ ಎಂಬ ಷರತ್ತು. ಕರಾರು ಕಾಯ್ದೆಯ 27ನೇ ಕಲಂ ವೃತ್ತಿಗೆ ತಡೆ ಹಾಕುವ ಒಪ್ಪಂದವನ್ನು ಅನೂರ್ಜಿತ ಎನ್ನುತ್ತದೆ. ಕರಾರಿನ ಅವಧಿ ಮುಗಿದ ನಂತರದ ನಿರ್ಬಂಧ ನಿಲ್ಲುವುದಿಲ್ಲ ಎಂದು ಕ್ರಿಕೆಟಿಗ ಜಹೀರ್ ಖಾನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆದರೂ ಅಂಥ ಷರತ್ತನ್ನು ತೆಗೆಯಲು ಒಪ್ಪದವರ ಜೊತೆ ಮುಂದೆಯೂ ಇಂಥದೇ ಜಗ್ಗಾಟ ಇರುತ್ತದೆ. ಕೋರ್ಟಿನಲ್ಲಿ ಗೆಲ್ಲಬಹುದು ಎಂಬ ಭರವಸೆಯ ಮೇಲೆ ಸಹಿ ಹಾಕುವುದು ಬುದ್ಧಿವಂತಿಕೆಯಲ್ಲ.

ಒಂದು ಬಗೆಯ ಆಫರಿಗೆ ಉತ್ತರವನ್ನೇ ಕೊಡಬೇಡಿ. ಮನೆಯಿಂದ ಡೇಟಾ ಎಂಟ್ರಿ, ಐದಾರು ದಿನದಲ್ಲಿ ನೂರಾರು ಪುಟ, ಕೈತುಂಬ ಹಣ ಎನ್ನುತ್ತಾರೆ. ಆಧಾರ್ ಪ್ರತಿ, ಸಹಿ, ನೋಂದಣಿ ಶುಲ್ಕ ಕೇಳುತ್ತಾರೆ. ಕೊನೆಗೆ ‘ನಿಖರತೆ ಸಾಲದು, ಕರಾರು ಮುರಿದಿದ್ದೀರಿ’ ಎಂದು ನಕಲಿ ವಕೀಲರ ನೋಟಿಸ್ ಕಳಿಸಿ ದಂಡ ಕೀಳುತ್ತಾರೆ. ಇದು ವಂಚನೆ. ಸಿಕ್ಕಿಬಿದ್ದಿದ್ದರೆ ದಂಡ ಕಟ್ಟಬೇಡಿ, ಮೆಸೇಜುಗಳನ್ನು ಅಳಿಸಬೇಡಿ, 1930ಕ್ಕೆ ಕರೆ ಮಾಡಿ ಸೈಬರ್ ಅಪರಾಧ ದೂರು ದಾಖಲಿಸಿ.

ಬೇಡವೋ, ಬೇರೆ ಷರತ್ತಿನಲ್ಲಿ ಬೇಕೋ

ಪತ್ರ ಬರೆಯುವ ಮುಂಚೆ ಇದನ್ನು ಮನಸ್ಸಿನಲ್ಲಿ ತೀರ್ಮಾನಿಸಿಕೊಳ್ಳಿ. ದರ 2.10 ಆದರೆ ಮಾಡುತ್ತೀರಾ? ಗಡುವು ಎರಡು ತಿಂಗಳು ಮುಂದೆ ಹೋದರೆ? ಮಾಡುತ್ತೀರಾದರೆ ನೀವು ಕಳಿಸಬೇಕಾದದ್ದು ಮರುಪ್ರಸ್ತಾವ. ಅದನ್ನು ನಿರಾಕರಣೆಯ ಪತ್ರದಲ್ಲಿ ತುರುಕಬೇಡಿ.

ಮರುಪ್ರಸ್ತಾವಕ್ಕೆ ಕಾನೂನಿನ ಒಂದು ಪರಿಣಾಮವಿದೆ. ಒಪ್ಪಿಗೆ ಪೂರ್ಣವಾಗಿರಬೇಕು, ಷರತ್ತು ಸೇರಿಸಿದರೆ ಅದು ಒಪ್ಪಿಗೆಯಲ್ಲ. ನೀವು ‘2.10 ಕೊಟ್ಟರೆ ಮಾಡುತ್ತೇನೆ’ ಎಂದ ಕೂಡಲೇ ಅವರ 1 ರೂಪಾಯಿಯ ಆಫರ್ ಬಿದ್ದುಹೋಗುತ್ತದೆ. ಅವರು ‘ಆಗಲ್ಲ’ ಎಂದ ಮೇಲೆ ‘ಹೋಗಲಿ, ಒಂದಕ್ಕೇ ಮಾಡ್ತೀನಿ’ ಎಂದರೆ ಒಪ್ಪಲೇಬೇಕೆಂದು ಅವರಿಗಿಲ್ಲ. ಹಳೆಯ ದರಕ್ಕೂ ಕೆಲಸ ಬೇಕೇ ಬೇಕು ಎನ್ನುವ ಸ್ಥಿತಿಯಲ್ಲಿದ್ದರೆ ದರವನ್ನು ಪ್ರಶ್ನೆಯಾಗಿ ಕೇಳಿ: ‘ದರದಲ್ಲಿ ಏರಿಕೆಗೆ ಅವಕಾಶವಿದೆಯೇ?’ ಪ್ರಶ್ನೆ ಆಫರನ್ನು ಕೆಡಿಸುವುದಿಲ್ಲ.

ಮನಸ್ಸಿಲ್ಲದ ಕೆಲಸವನ್ನು ತಪ್ಪಿಸಿಕೊಳ್ಳಲು ಎರಡು ಪಟ್ಟು ದರ ಹೇಳುವ ರೂಢಿಯೂ ಇದೆ. ಅವರು ಒಪ್ಪಿಬಿಟ್ಟರೆ ಸಿಕ್ಕಿಬೀಳುವವರು ನೀವು. ಬೇಡವಾದರೆ ಬೇಡ ಎನ್ನಿ.

ಪತ್ರ

ಏಳೆಂಟು ಸಾಲು ಮೀರಬಾರದು. ಮಾದರಿ:

ವಿಷಯ: ಕೃಷಿ ಕೈಪಿಡಿ ಅನುವಾದ – ಒಪ್ಪಿಕೊಳ್ಳಲಾಗುತ್ತಿಲ್ಲ

‘ನಮಸ್ಕಾರ ಮೇಡಂ,
ಕೃಷಿ ಕೈಪಿಡಿಯ ಅನುವಾದಕ್ಕೆ ನನ್ನನ್ನು ಕೇಳಿದ್ದಕ್ಕೆ ಧನ್ಯವಾದ. ನೀವು ಕಳಿಸಿದ ಎರಡು ಅಧ್ಯಾಯಗಳನ್ನೂ ಓದಿದೆ. ಈ ಕೆಲಸ ಒಪ್ಪಿಕೊಳ್ಳಲು ನನಗೆ ಆಗುತ್ತಿಲ್ಲ. ಮಾರ್ಚ್ ಕೊನೆಯವರೆಗೆ ಬೇರೆ ಕೆಲಸಗಳಿಗೆ ಮಾತು ಕೊಟ್ಟಿದ್ದೇನೆ. ಕಳಿಸಿದ ಫೈಲುಗಳನ್ನು ನನ್ನ ಕಂಪ್ಯೂಟರಿನಿಂದ ಅಳಿಸಿದ್ದೇನೆ. ಸಸ್ಯರೋಗಗಳ ಬಗ್ಗೆ ಅನುವಾದ ಮಾಡಿರುವ ಒಬ್ಬರು ಗೊತ್ತು. ನಿಮಗೆ ಬೇಕಿದ್ದರೆ ಅವರನ್ನು ಕೇಳಿ ನಂಬರ್ ಕಳಿಸುತ್ತೇನೆ.
ವಂದನೆಗಳು.’

ವಿಷಯದ ಸಾಲಿನಲ್ಲೇ ತೀರ್ಮಾನ ಇದೆ. ಮೇಲ್ ತೆರೆಯದೆಯೂ ಅವರಿಗೆ ತಿಳಿಯಬೇಕು, ಆರು ತಿಂಗಳ ನಂತರ ಹುಡುಕಿದರೂ ಸಿಗಬೇಕು. ‘ನಿಮ್ಮ ಆಫರ್ ಕುರಿತು’ ಎಂದು ಬರೆದರೆ ಎರಡೂ ಆಗುವುದಿಲ್ಲ. ಧನ್ಯವಾದದ ಪಕ್ಕದಲ್ಲಿ ನೀವು ನಿಜವಾಗಿ ನೋಡಿದ್ದೊಂದು ಇರಲಿ. ಇಲ್ಲಿ ಎರಡು ಅಧ್ಯಾಯ. ‘ನಿಮ್ಮಂಥ ಹೆಸರಾಂತ ಸಂಸ್ಥೆ’ ಎಂಬ ಹೊಗಳಿಕೆಗಿಂತ ಇದು ಹೆಚ್ಚು ಗೌರವ. ತೀರ್ಮಾನದ ವಾಕ್ಯ ಒಂಟಿಯಾಗಿ ನಿಂತಿದೆ, ಅದರೊಳಗೆ ‘ಸದ್ಯಕ್ಕೆ’, ‘ಬಹುಶಃ’, ‘ಕಷ್ಟವಾಗಬಹುದು’ ಯಾವುದೂ ಇಲ್ಲ. ನಮ್ಮಲ್ಲಿ ‘ಸ್ವಲ್ಪ ಕಷ್ಟ ಸರ್’ ಎಂದರೆ ಎದುರಿನವರು ಅದನ್ನು ಚೌಕಾಸಿಯ ಆರಂಭ ಎಂದುಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪೂ ಇಲ್ಲ.

ಕಾರಣ ಒಂದೇ, ಅದೂ ನಿಜವಾದದ್ದು. ಮೂರು ಕಾರಣ ಕೊಟ್ಟರೆ ಅವರು ಒಂದೊಂದನ್ನೇ ಪರಿಹರಿಸಿಕೊಂಡು ಬರುತ್ತಾರೆ: ಗಡುವು ಮುಂದೂಡಿದ್ದೇವೆ, ಅಧ್ಯಾಯ ಕಡಿಮೆ ಮಾಡಿದ್ದೇವೆ, ಈಗ ಹೇಳಿ. ಸುಳ್ಳು ಕಾರಣ ಇನ್ನೂ ಅಪಾಯ. ‘ಆರೋಗ್ಯ ಸರಿಯಿಲ್ಲ’ ಎಂದವರ ಹೆಸರು ಮುಂದಿನ ವಾರ ಇನ್ನೊಂದು ಪ್ರಕಾಶನದ ಪೋಸ್ಟಿನಲ್ಲಿ ಕಂಡರೆ ಕನ್ನಡದ ಈ ಪುಟ್ಟ ವಲಯದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ನಿಜ ಹೇಳಲು ಇಷ್ಟವಿಲ್ಲದಿದ್ದರೆ ಕಾರಣವನ್ನೇ ಬಿಟ್ಟುಬಿಡಿ. ಪತ್ರ ಕಡಿದುಹೋದಂತೆ ಕಾಣುವುದಿಲ್ಲ.

ದರವೇ ಕಾರಣವಾದರೆ ಅಂಕಿ ಬರೆಯಿರಿ: ‘ಈ ಬಗೆಯ ಪುಸ್ತಕಕ್ಕೆ ನನ್ನ ದರ ಇಂಗ್ಲಿಷ್ ಪದಕ್ಕೆ 2 ರೂ. 10 ಪೈಸೆ. ನಿಮ್ಮ ಬಜೆಟ್ಟಿಗೆ ಅದು ಹೊಂದುವುದಿಲ್ಲವಾದ್ದರಿಂದ ಈ ಪುಸ್ತಕವನ್ನು ಬಿಡುತ್ತಿದ್ದೇನೆ.’ ಅಂಕಿ ಸೇರಿಸಿದರೆ ಎರಡು ಲಾಭ. ನಿಮ್ಮ ದರ ಅವರ ಕಡತದಲ್ಲಿ ಉಳಿಯುತ್ತದೆ. ಪ್ರಕಾಶಕರಿಗೂ ಮಾರುಕಟ್ಟೆಯ ನಿಜದರ ತಿಳಿಯುತ್ತದೆ. ಎಲ್ಲರೂ ‘ಬಿಡುವಿಲ್ಲ’ ಎಂದೇ ಬಿಟ್ಟುಹೋದರೆ ಕನ್ನಡ ಅನುವಾದದ ದರ ಇದ್ದಲ್ಲೇ ಇರುತ್ತದೆ. ಈ ಮಾತನ್ನು ನಾವು ಒತ್ತಿ ಹೇಳುತ್ತೇವೆ.

ಫೋನಿನಲ್ಲಿ ಹೇಳಬೇಕಾದವರು

ಹಳೆಯ ಗುರುಗಳು, ಹಿಂದಿನ ಮೇಲಧಿಕಾರಿ, ಸಂಬಂಧಿಕರು, ನಿಮಗೆ ಮೊದಲ ಕೆಲಸ ಕೊಟ್ಟವರು, ಇವರಿಗೆ ಬರೀ ಮೇಲ್ ಕಳಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಮೊದಲು ಫೋನು, ಅರ್ಧ ಗಂಟೆಯೊಳಗೆ ಮೇಲ್. ಫೋನಿನ ಮೊದಲ ನಿಮಿಷದಲ್ಲೇ ವಿಷಯ ಹೇಳಿ. ಕುಶಲೋಪರಿಯಲ್ಲಿ ಹತ್ತು ನಿಮಿಷ ಕಳೆದರೆ ಅವರು ಕೆಲಸ ಒಪ್ಪಿದ ಲೆಕ್ಕದಲ್ಲೇ ಮಾತಾಡತೊಡಗುತ್ತಾರೆ.

‘ನಮಸ್ಕಾರ ಸರ್, ಎರಡು ನಿಮಿಷ ಮಾತಾಡಬಹುದಾ? ನೀವು ಹೇಳಿದ ಪುಸ್ತಕದ ವಿಷಯ. ಓದಿ ನೋಡಿದೆ, ಲೆಕ್ಕಾನೂ ಹಾಕಿದೆ. ನನ್ನಿಂದ ಆಗಲ್ಲ ಸರ್. ಬೇಗ ತಿಳಿಸಿದ್ರೆ ನಿಮಗೆ ಬೇರೆಯವರನ್ನ ನೋಡೋಕೆ ಅನುಕೂಲ ಅಂತ ಫೋನ್ ಮಾಡಿದೆ.’

‘ಅಯ್ಯೋ, ನಿಮ್ಮನ್ನೇ ನಂಬ್ಕೊಂಡಿದ್ನಲ್ಲ. ಈ ಸಲ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಮುಂದಿನ ಸಲ ನೋಡ್ಕೊಳ್ಳೋಣ.’

‘ನಿಮ್ಮ ವಿಶ್ವಾಸಕ್ಕೆ ತುಂಬ ಥ್ಯಾಂಕ್ಸ್ ಸರ್. ಈ ಪುಸ್ತಕ ಮಾತ್ರ ಆಗಲ್ಲ. ಮುಂದಿನದಕ್ಕೆ ದರ, ದಿನ ಮೊದಲೇ ಮಾತಾಡಿಕೊಂಡು ಖಂಡಿತ ಮಾಡೋಣ.’

ಮೂರನೇ ಸಲ ಒತ್ತಾಯಿಸಿದರೂ ಅದೇ ಮಾತು, ಅದೇ ಧ್ವನಿ. ಹೊಸ ಕಾರಣ ಸೇರಿಸಬೇಡಿ, ಕ್ಷಮೆಯನ್ನೂ ಹತ್ತು ಸಲ ಕೇಳಬೇಡಿ. ‘ಬರೀ ಎರಡು ಅಧ್ಯಾಯ ಮಾಡ್ಕೊಡಿ ಸಾಕು’ ಎನ್ನುವುದು ಕೊನೆಯ ಅಸ್ತ್ರ. ಎರಡು ಅಧ್ಯಾಯ ಮಾಡಿದರೆ ಪುಸ್ತಕದ ಶೈಲಿ, ಪದಪಟ್ಟಿ ನಿಮ್ಮದಾಗುತ್ತದೆ. ಉಳಿದದ್ದನ್ನು ಇನ್ನೊಬ್ಬರು ಮಾಡಿದಾಗ ಹೊಂದಿಸಿಕೊಡುವ ಕೆಲಸವೂ ನಿಮ್ಮ ಮೇಲೇ ಬೀಳುತ್ತದೆ.

ಮೇಲಿನಲ್ಲಿ ಬರೆಯುವುದು ಇಷ್ಟೇ: ‘ಈಗಷ್ಟೇ ಫೋನಿನಲ್ಲಿ ತಿಳಿಸಿದಂತೆ, ಈ ಪುಸ್ತಕದ ಅನುವಾದ ಒಪ್ಪಿಕೊಳ್ಳುತ್ತಿಲ್ಲ.’ ಸಹಾಯಕರು, ಸಂಪಾದಕರು, ಲೆಕ್ಕ ವಿಭಾಗ, ಯಾರಿಗೆ ತೋರಿಸಬೇಕಾದರೂ ಅವರಿಗೆ ಇದು ಬೇಕು.

ಮಧ್ಯೆ ಕನ್ಸಲ್ಟೆನ್ಸಿ ಇದ್ದಾಗ

ಬೆಂಗಳೂರಿನ ಐಟಿ ಕಾಂಟ್ರಾಕ್ಟುಗಳಲ್ಲಿ ಆಫರ್ ಕೊಡುವವರು ಒಬ್ಬರು, ಕೆಲಸ ಮಾಡಿಸಿಕೊಳ್ಳುವವರು ಇನ್ನೊಬ್ಬರು. ನಿರಾಕರಣೆ ಆಫರ್ ಲೆಟರ್ ಕಳಿಸಿದ ಕನ್ಸಲ್ಟೆನ್ಸಿಗೇ ಹೋಗಬೇಕು. ಅವರನ್ನು ದಾಟಿ ನೇರ ಕ್ಲೈಂಟಿಗೆ ಬರೆದರೆ, ಅವರನ್ನು ಬಿಟ್ಟು ನೇರ ಕೆಲಸ ಹಿಡಿಯಲು ನೋಡುತ್ತಿದ್ದೀರಿ ಎಂದು ತಿಳಿಯುತ್ತಾರೆ. ರಿಕ್ರೂಟರ್ ಒಬ್ಬರಿಗೇ ಕಳಿಸದೆ, ಆಫರ್ ಬಂದ ಮೇಲಿಗೆ ‘ರಿಪ್ಲೈ ಆಲ್’ ಮಾಡಿ. ಸೇರುವವರ ಸಂಖ್ಯೆ ಕಡಿಮೆಯಾಗುತ್ತದೆಂದು ನಿಮ್ಮ ನಿರಾಕರಣೆಯನ್ನು ಜಾಯಿನಿಂಗ್ ದಿನದವರೆಗೆ ಅದುಮಿಡುವ ರಿಕ್ರೂಟರುಗಳಿದ್ದಾರೆ. ಆಮೇಲೆ ಕ್ಲೈಂಟಿನ ದಾಖಲೆಯಲ್ಲಿ ‘ಬರಲಿಲ್ಲ’ ಎಂದು ಬೀಳುವುದು ನಿಮ್ಮ ಹೆಸರು.

ಅದೇ ಮೇಲಿನಲ್ಲಿ ಎರಡು ಕೇಳಿ: ಹಿನ್ನೆಲೆ ಪರಿಶೀಲನೆ ಶುರುವಾಗಿದ್ದರೆ ನಿಲ್ಲಿಸಬೇಕು, ನೀವು ಕೊಟ್ಟ ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ಅಳಿಸಿ ಲಿಖಿತವಾಗಿ ತಿಳಿಸಬೇಕು. ನಿಮ್ಮ ರೆಸ್ಯೂಮೆಯನ್ನು ಹೇಳದೆ ಬೇರೆ ಕ್ಲೈಂಟಿಗೆ ಕಳಿಸಬಾರದೆಂಬ ಸಾಲನ್ನೂ ಸೇರಿಸಿ. ಒಂದೇ ಹುದ್ದೆಗೆ ಎರಡು ಕನ್ಸಲ್ಟೆನ್ಸಿಯಿಂದ ನಿಮ್ಮ ಹೆಸರು ಹೋದರೆ ಕೆಲವು ಕಂಪನಿಗಳು ಎರಡನ್ನೂ ತಳ್ಳಿಹಾಕುತ್ತವೆ.

ಒಪ್ಪಿಕೊಂಡು ಆಗಿದ್ದರೆ

ಇಲ್ಲಿ ‘ಬೇಡ’ ಎನ್ನುವುದು ಕರಾರಿನಿಂದ ಹೊರಬರುವುದು. ಕರಾರಿನಲ್ಲಿ ನೋಟಿಸ್ ಅವಧಿ ಇದೆಯಾ ನೋಡಿ. ಇದ್ದರೆ ಅದನ್ನೇ ಅನುಸರಿಸಿ, ಪತ್ರದಲ್ಲಿ ಆ ಷರತ್ತಿನ ಸಂಖ್ಯೆ ಬರೆಯಿರಿ. ಇಲ್ಲದಿದ್ದರೆ ಪರಸ್ಪರ ಒಪ್ಪಿಗೆಯಿಂದ ಬಿಡಿಸಿಕೊಳ್ಳುವುದೇ ಉತ್ತಮ ದಾರಿ. ಒಬ್ಬ ವ್ಯಕ್ತಿಯ ಸ್ವಂತ ಕೌಶಲವನ್ನು ಅವಲಂಬಿಸಿದ ಕೆಲಸವನ್ನು ಮಾಡಲೇಬೇಕೆಂದು ಕೋರ್ಟು ಬಲವಂತ ಮಾಡುವುದಿಲ್ಲ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಕಲಂ ಅದನ್ನು ಹೊರಗಿಡುತ್ತದೆ. ಆದರೆ ನೀವು ಬಿಟ್ಟಿದ್ದರಿಂದ ಸಹಜವಾಗಿ ಆದ ನಷ್ಟವನ್ನು ಅವರು ಕೇಳಬಹುದು. ಬದಲಿ ಅನುವಾದಕರಿಗೆ ಕೊಟ್ಟ ಹೆಚ್ಚುವರಿ ಹಣ ಇದಕ್ಕೆ ಉದಾಹರಣೆ. ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಅಷ್ಟೂ ತಾನಾಗಿ ಸಿಗುವುದಿಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಆ ಮೊತ್ತ ಗರಿಷ್ಠ ಮಿತಿ, ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ. ಮೊತ್ತ ದೊಡ್ಡದಿದ್ದರೆ ಪತ್ರ ಕಳಿಸುವ ಮುಂಚೆ ವಕೀಲರಿಗೆ ಒಮ್ಮೆ ತೋರಿಸಿ.

ಅಡ್ವಾನ್ಸ್ ವಾಪಸು ಮಾಡುವ ಕ್ರಮ ಹೀಗಿರಲಿ. ಪತ್ರ ಕಳಿಸಿದ ದಿನವೇ ಅಥವಾ ಮರುದಿನ, ಹಣ ಬಂದ ಖಾತೆಗೇ ಬ್ಯಾಂಕ್ ವರ್ಗಾವಣೆ ಮಾಡಿ. ನಗದು ಬೇಡ. ವಿವರಣೆಯಲ್ಲಿ ‘ಅಡ್ವಾನ್ಸ್ ವಾಪಸು, ಕೃಷಿ ಕೈಪಿಡಿ’ ಎಂದು ಬರೆದು, ಯುಟಿಆರ್ ಸಂಖ್ಯೆಯನ್ನು (ಬ್ಯಾಂಕು ಪ್ರತಿ ವರ್ಗಾವಣೆಗೂ ಕೊಡುವ ಗುರುತಿನ ಸಂಖ್ಯೆ) ಮೇಲ್ ಮಾಡಿ.

ಅಡ್ವಾನ್ಸಿನ ಮೇಲೆ ಟಿಡಿಎಸ್ ಹಿಡಿದಿದ್ದರೆ ಗೋಜಲಾಗುವುದು ಇಲ್ಲೇ. 60,000ದಲ್ಲಿ 6,000 ಹಿಡಿದು ನಿಮಗೆ 54,000 ಬಂದಿದೆ ಎಂದುಕೊಳ್ಳಿ. ನೀವು 54,000 ವಾಪಸು ಮಾಡಿದರೆ, ಆ 6,000ವನ್ನು ನಿಮ್ಮ ಪ್ಯಾನಿನಿಂದ ತೆಗೆಯುವಂತೆ ಅವರು ತಮ್ಮ ಟಿಡಿಎಸ್ ರಿಟರ್ನ್ ತಿದ್ದಬೇಕು. ಪೂರ್ತಿ 60,000 ಕೊಟ್ಟರೆ ಆ 6,000 ನಿಮ್ಮ ಹೆಸರಿನಲ್ಲೇ ಉಳಿಯಬೇಕು. ಎರಡರಲ್ಲಿ ಯಾವುದು ಎಂದು ಮೇಲಿನಲ್ಲಿ ಒಪ್ಪಿಕೊಂಡೇ ಹಣ ಹಾಕಿ. ಇಲ್ಲದಿದ್ದರೆ ರಿಟರ್ನ್ ಸಲ್ಲಿಸುವಾಗ ಬಾರದ ಆದಾಯದ ಮೇಲೆ ಟಿಡಿಎಸ್ ಕಾಣಿಸುತ್ತದೆ. ಜಿಎಸ್‌ಟಿ ನೋಂದಣಿ ಇರುವವರು ಅಡ್ವಾನ್ಸಿಗೆ ರಸೀದಿ ವೋಚರ್ ಮಾತ್ರ ಕೊಟ್ಟಿದ್ದರೆ ರಿಫಂಡ್ ವೋಚರ್, ಇನ್‌ವಾಯ್ಸ್ ಕೊಟ್ಟಿದ್ದರೆ ಕ್ರೆಡಿಟ್ ನೋಟ್ ಕೊಡಬೇಕು.

ಮಾಡಿದ ಭಾಗದ ಕೆಲಸಕ್ಕೆ ಹಣ ಇಟ್ಟುಕೊಳ್ಳುವುದಾದರೆ ಆ ಭಾಗ ಇನ್ನೊಬ್ಬರು ಬಳಸುವ ಸ್ಥಿತಿಯಲ್ಲಿರಬೇಕು: ತಿದ್ದಿದ ಫೈಲು, ಪದಪಟ್ಟಿ, ಯಾವ ಪುಟದವರೆಗೆ ಆಗಿದೆ ಎಂಬ ಟಿಪ್ಪಣಿ. ಅರ್ಧ ತಿದ್ದಿದ ಕರಡಿಗೆ ಬಿಲ್ ಹಾಕುವುದು ಸರಿಯಲ್ಲ.

ಕಳಿಸಿದ ಮೇಲೆ

ಉತ್ತರ ಬರದಿದ್ದರೆ ಎರಡು ಕೆಲಸದ ದಿನ ಬಿಟ್ಟು ಒಂದು ಸಾಲು ಕೇಳಿ: ‘ನನ್ನ ಮೇಲ್ ತಲುಪಿತೇ?’ ಉತ್ತರ ಬರದಿದ್ದರೂ ನಿಮ್ಮ ಜವಾಬ್ದಾರಿ ಮುಗಿದಿದೆ. ಗೌಪ್ಯತಾ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಕೆಲಸ ಬಿಟ್ಟರೂ ಅದು ಮುಂದುವರಿಯುತ್ತದೆ. ಪುಸ್ತಕದ ಹೆಸರು, ದರ, ಲೇಖಕರು ಯಾರೆಂದು ಗೆಳೆಯರ ಗುಂಪಿನಲ್ಲಿ ಹಾಕಬೇಡಿ.

ಬದಲಿ ಹೆಸರು ಕೊಡುವ ಮುಂಚೆ ಆ ವ್ಯಕ್ತಿಯನ್ನು ಕೇಳಿ, ದರವನ್ನೂ ನೀವು ಬಿಟ್ಟ ಕಾರಣವನ್ನೂ ಅವರಿಗೆ ಹೇಳಿಬಿಡಿ. ದರ ಸಾಲದೆಂದು ನೀವು ಬಿಟ್ಟ ಕೆಲಸವನ್ನು ಅದನ್ನು ಹೇಳದೆ ಕಿರಿಯರಿಗೆ ದಾಟಿಸುವುದು ಅನ್ಯಾಯ.

ಒಂದು ಶೀಟಿನಲ್ಲಿ ದಾಖಲೆ ಇಡಿ: ಯಾರು, ಯಾವ ಕೆಲಸ, ಎಷ್ಟು ಪದ, ಅವರು ಹೇಳಿದ ದರ, ನಿಮ್ಮ ದರ, ಬಿಟ್ಟ ಕಾರಣ, ತಾರೀಖು. ಹೊಸ ಆರ್ಥಿಕ ವರ್ಷಕ್ಕೆ ದರ ಪರಿಷ್ಕರಿಸುವಾಗ ಇದನ್ನು ತೆರೆಯಿರಿ. ಬಿಟ್ಟವುಗಳಲ್ಲಿ ಹೆಚ್ಚಿನವು ದರದ ಕಾರಣಕ್ಕಾಗಿದ್ದು, ಆ ದಿನಗಳು ಬೇರೆ ಕೆಲಸದಿಂದ ತುಂಬಿದ್ದರೆ ನಿಮ್ಮ ದರ ಸರಿಯಿದೆ. ಆ ದಿನಗಳು ಖಾಲಿ ಉಳಿದಿದ್ದರೆ ದರವನ್ನೋ, ಹುಡುಕುವ ಜಾಗವನ್ನೋ ಬದಲಿಸಬೇಕು.

ಮುಂದೆ ಕೆಲಸ ಬೇಕೆನಿಸುವ ಸಂಸ್ಥೆಯಾದರೆ ನೀವು ಹೇಳಿದ ಬಿಡುವಿನ ತಿಂಗಳು ಬಂದಾಗ ಅದೇ ಮೇಲಿಗೆ ಉತ್ತರವಾಗಿ ಬರೆಯಿರಿ: ‘ಮಾರ್ಚ್‌ವರೆಗಿನ ಕೆಲಸ ಮುಗಿದಿದೆ. ಏಪ್ರಿಲ್ ಎರಡನೇ ವಾರದಿಂದ 40 ದಿನ ಬಿಡುವಿದೆ. ಕೃಷಿ ಅಥವಾ ವಿಜ್ಞಾನದ ಪುಸ್ತಕಗಳಿದ್ದರೆ ತಿಳಿಸಿ, ದರ ಪದಕ್ಕೆ 2 ರೂ. 10 ಪೈಸೆ.’